ಸಾವಿರ ಗಿಡ ಬೇಡ, ಇನ್ನೂರು ಸಾಕು: ನರ್ಸರಿ ಕಾಕಾ ನೆನಪಿನ ಗಿಡಗಳ ಬಗ್ಗೆ ಪಂಚಾಯಿತಿಗೊಂದು ಬಹಿರಂಗ ಪತ್ರ

ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ, ಎಲ್ಲ ಸದಸ್ಯರಿಗೆ, ವಲಯ ಅರಣ್ಯಾಧಿಕಾರಿಗಳಿಗೆ ಮತ್ತು ಊರಿನ ಗುರುಹಿರಿಯರಿಗೆ ನಮಸ್ಕಾರಗಳು.

ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮತ್ತು ನೆಡುತೋಪಿನ ಕಾವಲಿನಲ್ಲಿ ಆಯುಷ್ಯ ಸವೆಸಿ ಕಳೆದ ವರ್ಷ ತೀರಿಕೊಂಡ ನಮ್ಮ ನರ್ಸರಿ ಕಾಕಾ ಅವರ ಮೊದಲ ಪುಣ್ಯತಿಥಿಗೆ ಜೂನ್ 5ರಂದು ಊರಿನಿಂದ ಆಲಮಟ್ಟಿ ಹಿನ್ನೀರಿನ ಸಂತ್ರಸ್ತರ ಪುನರ್ವಸತಿ ಕೇಂದ್ರಕ್ಕೆ ಹೋಗುವ ರಸ್ತೆಯ ಎರಡೂ ಬದಿ ಒಂದು ಸಾವಿರ ಸಸಿ ನೆಡಬೇಕು, ಬಸ್ ನಿಲ್ದಾಣದ ಎದುರು ಅವರ ಹೆಸರಿನ ಕಲ್ಲು ನಿಲ್ಲಿಸಬೇಕು, ಮನೆಯವರಿಗೆ ಸನ್ಮಾನ ಮಾಡಬೇಕು ಎಂದು ತಾವು ಠರಾವು ಮಾಡಿದ್ದೀರಿ. ಹೆಸರು ಪತ್ರದಲ್ಲಿ ಬರುವುದು ಬೇಡವೆಂದು ಮನೆಯವರು ಕೇಳಿಕೊಂಡಿದ್ದಾರೆ. ಹೇಗೂ ಬೀಳಗಿಯಿಂದ ಮುಧೋಳದವರೆಗೆ ಕುರಿಗಾರರಿಂದ ಹಿಡಿದು ಶಾಲೆಯ ಮಾಸ್ತರರವರೆಗೆ ಎಲ್ಲರ ಬಾಯಲ್ಲೂ ಅವರು ನರ್ಸರಿ ಕಾಕಾನೇ.

ಠರಾವಿನ ಹಿಂದಿನ ಮನಸ್ಸು ಒಳ್ಳೆಯದು. ನಮ್ಮ ತಕರಾರು ಇರುವುದು ತಾರೀಖಿಗೆ ಮತ್ತು ಲೆಕ್ಕಕ್ಕೆ. ಜೂನ್ 5ಕ್ಕೆ ಸಾವಿರ ಸಸಿ ನೆಟ್ಟರೆ ಮರುವರ್ಷದ ಮೇ ತಿಂಗಳಲ್ಲಿ ಆ ರಸ್ತೆಗುಂಟ ಏನು ಉಳಿದಿರುತ್ತದೆ ಎಂಬುದು ಈ ಕೆಲಸ ಬಲ್ಲ ಯಾರಿಗೂ ಹೊಸದಲ್ಲ. ಒಣಗಿದ ಕಡ್ಡಿ, ವಾಲಿದ ಕಬ್ಬಿಣದ ಬೇಲಿ ಗಾರ್ಡು, ಮಣ್ಣಿನಿಂದ ಅರ್ಧ ಹೊರಬಿದ್ದ ಪ್ಲಾಸ್ಟಿಕ್ ಚೀಲ. ಕಾಕಾ ಹೆಸರಿನಲ್ಲಿ ಇದಾಗಬಾರದು.

ಮೊದಲು ತಾರೀಖು. ಜೂನ್ 5 ವಿಶ್ವ ಪರಿಸರ ದಿನ. ಬ್ಯಾನರ್ ಕಟ್ಟುವವರಿಗೆ ಅನುಕೂಲದ ದಿನ, ಗಿಡಕ್ಕಲ್ಲ. ಅಂದು ನಮ್ಮಲ್ಲಿ ಇನ್ನೂ ರೋಹಿಣಿ ಮಳೆ ನಕ್ಷತ್ರ ನಡೆದಿರುತ್ತದೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದೇ 7–8ಕ್ಕೆ. ಒಂದು ಅಡ್ಡಮಳೆ ಬಿದ್ದು ಮೇಲಿನ ನಾಲ್ಕು ಬೆರಳು ಮಣ್ಣು ಒದ್ದೆಯಾಗಿರಬಹುದು, ಕೆಳಗೆ ಬೇಸಿಗೆಯ ಕಾವು ಹಾಗೇ ಇರುತ್ತದೆ. ಅದರ ಮೇಲೆ ಜೂನ್ ಕೊನೆಯಿಂದ ಜುಲೈವರೆಗೆ ಮಳೆ ಕಡಿಮೆ, ಗಾಳಿ ಜಾಸ್ತಿ. ಆಷಾಢದ ಆ ಪಡುವಣ ಗಾಳಿ ಎಳೆಯ ಎಲೆಯಿಂದ ನೀರು ಎಳೆಯುವಷ್ಟು ವೇಗದಲ್ಲಿ ಹೊಸ ಬೇರು ನೆಲದಿಂದ ನೀರು ಎಳೆಯಲಾರದು. ಸಸಿ ಬಿಸಿಲಿಗೆ ಸತ್ತಿತು ಅನ್ನುತ್ತೇವೆ. ಎಷ್ಟೋ ಸಲ ಸಾಯುವುದು ಗಾಳಿಗೆ. ಬಾಗಲಕೋಟೆ ಜಿಲ್ಲೆಗೆ ವರ್ಷವಿಡೀ ಬೀಳುವುದೇ ಸರಾಸರಿ 550ರಿಂದ 600 ಮಿ.ಮೀ. ಮಳೆ, ಅದರಲ್ಲಿ ನಂಬಿಕೆಯ ಮಳೆ ಬರುವುದು ಹುಬ್ಬಿ, ಉತ್ತರಿ, ಹಸ್ತದಲ್ಲಿ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ.

ಕಾಕಾ ಕ್ಯಾಲೆಂಡರ್ ನೋಡಿ ನೆಡುತ್ತಿರಲಿಲ್ಲ. ಒಳ್ಳೆಯ ಮಳೆಯಾದ ಮರುದಿನ ಹಾರೆಯಿಂದ ಒಂದು ಮೊಳ ಕೆದಕಿ, ತಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತುತ್ತಿದ್ದರು. ಉಂಡೆಯಾದರೆ ನೆಡು, ಉದುರಿದರೆ ಕಾಯಿ. ನಮ್ಮ ಭಾಗದಲ್ಲಿ ಈ ಹದ ಸಾಮಾನ್ಯವಾಗಿ ಬರುವುದು ಪುಷ್ಯದ ಕೊನೆಯಿಂದ ಮಘಿಯ ನಡುವೆ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ಕೊನೆ. ಮಳೆ ತಡವಾದರೆ ಉತ್ತರಿಯವರೆಗೂ ನೆಡಬಹುದು. ಹಸ್ತ ದಾಟಿದ ಮೇಲೆ ಬೇಡ, ಏಕೆಂದರೆ ನೆಲದ ತೇವ ಆರುವ ಮೊದಲು ಬೇರು ಆಳಕ್ಕಿಳಿಯಲು ಎರಡು ತಿಂಗಳಾದರೂ ಬೇಕು. ಪುಣ್ಯತಿಥಿ ಜೂನ್ ಮೊದಲ ವಾರಕ್ಕೇ ಬರುತ್ತದೆ, ನಿಜ. ಅಂದು ಮನೆಯಲ್ಲಿ ಎಡೆ ಹಿಡಿಯುತ್ತಾರೆ, ಊರು ಹೋಗಿ ಪ್ರಸಾದ ಸ್ವೀಕರಿಸಲಿ. ಗಿಡ ನೆಡುವುದನ್ನು ಮಳೆಗೆ ಬಿಡಿ.

ಇನ್ನು ಸಾವಿರದ ಲೆಕ್ಕ. ಗಿಡ ನೆಡಲು ಜನ ಸಿಗುತ್ತಾರೆ, ನೀರು ಹಾಕಲು ಸಿಗುವುದಿಲ್ಲ. ಹಾಗಾಗಿ ಎಷ್ಟು ಗಿಡ ಎಂಬುದನ್ನು ನೀರಿನ ಕಡೆಯಿಂದ ಎಣಿಸಬೇಕು. ರಸ್ತೆ ಬದಿಯ ಹೊಸ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ಒಂದು ಸಲಕ್ಕೆ 20 ಲೀಟರ್, ಹತ್ತು ದಿನಕ್ಕೊಮ್ಮೆ, ಡಿಸೆಂಬರ್ ಆರಂಭದಿಂದ ಮಳೆ ಹಿಡಿಯುವವರೆಗೆ. ಆರು ತಿಂಗಳೆಂದರೆ 18 ಸುತ್ತು. ಸಾವಿರ ಗಿಡಕ್ಕೆ ಸುತ್ತಿಗೆ 20,000 ಲೀಟರ್. ಟ್ರ್ಯಾಕ್ಟರಿನ ಟ್ಯಾಂಕರು 5,000 ಲೀಟರಿನದು. ಪೈಪಿನ ಸೋರಿಕೆ, ದಾರಿಯಲ್ಲಿ ತುಳುಕಿದ್ದು ಸೇರಿಸಿದರೆ ನಾಲ್ಕಲ್ಲ, ಐದು ಟ್ಯಾಂಕರು ಬೇಕು. ಒಂದು ಬೇಸಿಗೆಗೆ 90 ಟ್ಯಾಂಕರು. ಅದಕ್ಕಿಂತ ದೊಡ್ಡದು ಸಮಯದ ಮಾತು. 20 ಲೀಟರನ್ನು ಮಣ್ಣು ಕುಡಿಯುವಷ್ಟು ನಿಧಾನವಾಗಿ ಬಿಡಲು ಗಿಡಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಇನ್ನೂರು ಗಿಡಕ್ಕೆ ಸುಮಾರು ಏಳು ತಾಸು, ಒಂದು ದಿನದ ಪೂರ್ತಿ ಕೆಲಸ. ಸಾವಿರಕ್ಕೆ ಐದು ದಿನ. ಅಂದರೆ ಪ್ರತಿ ಹತ್ತು ದಿನದಲ್ಲಿ ಐದು ದಿನ ಒಂದು ಟ್ರ್ಯಾಕ್ಟರು, ಒಬ್ಬ ಡ್ರೈವರು, ಪೈಪ್ ಹಿಡಿಯಲು ಒಬ್ಬಾಳು ಇದಕ್ಕೇ ಮೀಸಲು. ಊರಿಗೇ ಕುಡಿಯುವ ನೀರಿನ ಟ್ಯಾಂಕರು ಓಡಿಸುವ ಏಪ್ರಿಲ್–ಮೇನಲ್ಲಿ ಪಂಚಾಯಿತಿ ಇದನ್ನು ಮಾಡೀತೇ? ಮಾಡಬಾರದು ಕೂಡ.

ಇನ್ನೂರು ಗಿಡವಾದರೆ ಸುತ್ತಿಗೆ ಒಂದೇ ಟ್ಯಾಂಕರು, ಒಂದೇ ದಿನ, ಬೇಸಿಗೆಗೆ 18 ಟ್ಯಾಂಕರು. ಎರಡನೇ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮೂರನೆಯದರಲ್ಲಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಹತ್ತು ಮೀಟರಿಗೊಂದರಂತೆ ಎರಡೂ ಬದಿ ನೆಟ್ಟರೆ ಇನ್ನೂರು ಗಿಡ ಸರಿಯಾಗಿ ಒಂದು ಕಿಲೋಮೀಟರಿಗೆ ಬರುತ್ತವೆ. ಪುನರ್ವಸತಿ ಕೇಂದ್ರದ ಮೊದಲ ಸಾಲಿನಿಂದ ಶಾಲೆಯವರೆಗಿನ ದಾರಿ ಹೆಚ್ಚುಕಡಿಮೆ ಅಷ್ಟೇ ಇದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದವರಿಗೆ ಸರಕಾರ ಕೊಟ್ಟ ಜಾಗದಲ್ಲಿ ಮನೆಗಳೆದ್ದವು, ನೆರಳು ಏಳಲಿಲ್ಲ. ಶಾಲೆಯ ಮಕ್ಕಳು ಮಾರ್ಚ್‌ನಲ್ಲಿ ಬರಿಗಾಲಲ್ಲಿ ಆ ಡಾಂಬರಿನ ಮೇಲೆ ಓಡುವುದನ್ನು ಎಲ್ಲರೂ ನೋಡಿದ್ದೇವೆ. ಗಿಡ ಬೇಕಾಗಿರುವುದು ಅಲ್ಲಿ, ಹೆದ್ದಾರಿಯ ಕಡೆಗಲ್ಲ.

ಈಗ ಮಾರ್ಚ್. ಹಬ್ಬದ ಗದ್ದಲ ಮುಗಿದ ಕೂಡಲೇ ತಗ್ಗು ತೋಡಲು ಹಚ್ಚಿದರೆ ಏಪ್ರಿಲ್, ಮೇ ಎರಡು ತಿಂಗಳ ಬಿಸಿಲು ತಗ್ಗಿಗೆ ಸಿಗುತ್ತದೆ. ರಸ್ತೆ ಬದಿಗೆ ಎರಡೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಮೇಲಿನ ಒಂದು ಅಡಿಯ ಮಣ್ಣು ಒಂದು ಬದಿಗೆ, ಕೆಳಗಿನದು ಇನ್ನೊಂದು ಬದಿಗೆ. ಎರಡನ್ನೂ ಕೂಡಿಸಿ ಗುಡ್ಡೆ ಹಾಕಿದರೆ ಮುಚ್ಚುವಾಗ ಯಾವುದು ಯಾವುದೋ. ಗರಸಿನ, ಅಂದರೆ ಕಲ್ಲುಹರಳಿನ, ನೆಲದಲ್ಲಿ ಒಬ್ಬ ಆಳು ದಿನಕ್ಕೆ ಇಂಥ ಎರಡು ಮೂರು ತಗ್ಗಿಗಿಂತ ಹೆಚ್ಚು ತೋಡಲಾರ, ಹೆಚ್ಚು ತೋಡಿದ್ದೇನೆ ಅಂದರೆ ಅಳತೆ ಹಿಡಿದು ನೋಡಿ. ಯಂತ್ರದ ತಿರುಪಿನಿಂದ ತೋಡಿಸುವುದಾದರೂ ಅಡ್ಡಿಯಿಲ್ಲ, ಆದರೆ ಅದು ತಗ್ಗಿನ ಗೋಡೆಯನ್ನು ಒತ್ತಿ ನುಣುಪು ಮಾಡುತ್ತದೆ, ಬೇರು ಅಲ್ಲಿಗೆ ಬಂದು ಒಳಗೊಳಗೇ ಸುತ್ತತೊಡಗುತ್ತದೆ. ತೋಡಿದ ಮೇಲೆ ನಾಲ್ಕೂ ಬದಿ ಹಾರೆಯಿಂದ ಕೆತ್ತಿ ಒರಟು ಮಾಡಲೇಬೇಕು.

ಆ ಒಂದು ಕಿಲೋಮೀಟರಿನಲ್ಲಿ ಎರಡು ನೆಲ ಇದೆ. ಮೇಲಿನ ಅರ್ಧ ಮಡ್ಡಿ, ಗರಸು. ಕೆಳಗಿನ ಅರ್ಧ ಎರೆ, ಅಂದರೆ ಕರಿಮಣ್ಣು. ಎರಡಕ್ಕೂ ಒಂದೇ ಥರದ ತಗ್ಗು, ಒಂದೇ ಥರದ ಗಿಡ ಅಂದರೆ ಅರ್ಧ ಗಿಡ ಹೋದವೆಂದೇ ಲೆಕ್ಕ. ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಸತ್ವವೂ ಇಲ್ಲ. ಅಲ್ಲಿ ತಗ್ಗಿಗೆ ಹಳ್ಳದ ಗೋಡು ಅಥವಾ ಕೆರೆಯ ಹೂಳು ನಾಲ್ಕು ಬುಟ್ಟಿ, ಕೊಳೆತ ತಿಪ್ಪೆಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಕಾಲು ಕಿಲೋ ಬೇಕು. ಹಿಂಡಿ ಗೆದ್ದಲು ತಡೆಯಲು. ಗೊಬ್ಬರ ಹಸಿಯದಾದರೆ ಗೆದ್ದಲನ್ನು ನಾವೇ ಕರೆದಂತೆ. ಎರೆಯಲ್ಲಿ ಕಥೆ ತಿರುವುಮುರುವು. ಅಲ್ಲಿ ತಗ್ಗು ಬೋಗುಣಿ ಇದ್ದಂತೆ: ಬಿದ್ದ ಮಳೆ ಇಂಗದೆ ನಿಂತು, ಸೆಪ್ಟೆಂಬರಿನ ದೊಡ್ಡ ಮಳೆಯಲ್ಲಿ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಅದೇ ಮಣ್ಣು ಫೆಬ್ರುವರಿಯಲ್ಲಿ ಬಿರುಕು ಬಿಟ್ಟು ಎಳೆಬೇರನ್ನು ಹರಿಯುತ್ತದೆ. ಆದ್ದರಿಂದ ಎರೆಯಲ್ಲಿ ತಳಕ್ಕೆ ಅರ್ಧ ಅಡಿ ಗರಸು, ಮಣ್ಣಿನ ಜೊತೆ ಮೂರರಲ್ಲೊಂದು ಪಾಲು ಮರಳು ಅಥವಾ ಸಣ್ಣ ಗರಸು, ಮೇಲೆ ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರದ ದಿಬ್ಬ, ಆ ದಿಬ್ಬದ ಮೇಲೆ ಗಿಡ. ಬಿರುಕು ಕಂಡ ಕೂಡಲೇ ಕಳೆ ತೆಗೆಯುವ ಕುರ್ಚಿಗಿಯಿಂದ ಕೆದಕಿ ಸಡಿಲ ಮಣ್ಣು ತುಂಬಬೇಕು. ಬಿರುಕಿನೊಳಗೆ ನೀರು ಬಿಟ್ಟರೆ ಅದು ಗಿಡಕ್ಕೆ ಸಿಗದೆ ನೇರ ಪಾತಾಳಕ್ಕೆ ಹೋಗುತ್ತದೆ.

ಸಸಿಯ ಆಯ್ಕೆ ನರ್ಸರಿಯಲ್ಲೇ ಆಗಬೇಕು, ಟ್ರ್ಯಾಲಿ ಬಂದು ನಿಂತ ಮೇಲಲ್ಲ. ರಸ್ತೆ ಬದಿಗೆ ಒಂದೂವರೆ ವರ್ಷ ಬೆಳೆದ, ದೊಡ್ಡ ಚೀಲದ, ಎದೆಮಟ್ಟದ ಸಸಿ ಬೇಕು. ಒಬ್ಬರಿಗೆ ಎತ್ತಲಾಗದಷ್ಟು ಭಾರವಿರುತ್ತದೆ. ಎತ್ತರಕ್ಕೆ ಮರುಳಾಗಬೇಡಿ. ಕಾಂಡ ಹೆಬ್ಬೆರಳಿನಷ್ಟಾದರೂ ದಪ್ಪ ಇರಲಿ. ಕೋಲಿನ ಆಸರೆ ಬಿಡಿಸಿದ ಕೂಡಲೇ ಬಾಗುವ ಸಸಿ ನೆರಳಲ್ಲಿ ಎಳೆದುಕೊಂಡು ಬೆಳೆದದ್ದು. ಚೀಲದ ತಳ ನೋಡಿ: ಬೇರು ಹೊರಬಂದು ನೆಲಕ್ಕಿಳಿದಿದ್ದರೆ, ಎತ್ತುವಾಗ ಆ ಬೇರು ಹರಿದು ಎಂಟು ದಿನದಲ್ಲಿ ಗಿಡ ಬಾಡುತ್ತದೆ. ಒಂದೂವರೆ ಎರಡು ತಿಂಗಳಿಗೊಮ್ಮೆ ಪ್ರತಿ ಚೀಲವನ್ನು ಎತ್ತಿ ಜಾಗ ಬದಲಿಸಿದ ನರ್ಸರಿಯಲ್ಲಿ ಹೀಗಾಗುವುದಿಲ್ಲ. ಕಾಕಾ ನರ್ಸರಿಯ ಸಸಿಗೆ ದೂರದ ರೈತರು ಬಂದು ಸರದಿ ಹಚ್ಚುತ್ತಿದ್ದುದು ಈ ಒಂದು ಕೆಲಸಕ್ಕೆ. ನೋಡಲು ಏನೂ ಇಲ್ಲದ ಕೆಲಸ, ಸೊಂಟ ಮುರಿಯುವ ಕೆಲಸ, ಯಾವ ಅಧಿಕಾರಿಯೂ ಬಂದು ಎಣಿಸದ ಕೆಲಸ.

ನೆಡುವ ಹದಿನೈದು ದಿನ ಮೊದಲೇ ನರ್ಸರಿಯಲ್ಲಿ ನೀರು ಅರ್ಧಕ್ಕಿಳಿಸಿ ಸಸಿಯನ್ನು ಬಿಸಿಲಿಗೆ ಇಡಬೇಕು. ಹೊತ್ತು ತರುವುದು ಸಂಜೆ. ಟ್ರ್ಯಾಲಿಯಲ್ಲಿ ಒಂದೇ ಸಾಲು, ಮೇಲೆ ತಾಡಪಾಲು. ಹಿಡಿಯುವುದು ಚೀಲವನ್ನು, ಕಾಂಡವನ್ನಲ್ಲ. ನೆಡುವಾಗ ಬ್ಲೇಡಿನಿಂದ ಚೀಲವನ್ನು ಮೇಲಿಂದ ಕೆಳಗೆ ಸೀಳಿ ಪೂರ್ತಿ ತೆಗೆದು, ಮಣ್ಣಿನ ಮುದ್ದೆ ಒಡೆಯದಂತೆ ಇಳಿಸಬೇಕು; ತಳದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ಅದನ್ನು ಕತ್ತರಿಸಬೇಕು, ಇಲ್ಲದಿದ್ದರೆ ಆ ಸುರುಳಿ ಐದಾರು ವರ್ಷದ ಮರವನ್ನು ಒಂದು ಗಾಳಿಗೆ ಉರುಳಿಸುತ್ತದೆ. ಫೋಟೊಕ್ಕೆ ನಿಂತವರ ಅವಸರದಲ್ಲಿ ಚೀಲಸಮೇತ ಹುಗಿದ ಗಿಡಗಳು ಎಷ್ಟಿವೆಯೋ. ಆರು ತಿಂಗಳು ಹಸಿರಾಗಿಯೇ ಇರುತ್ತವೆ, ಅದೇ ಮೋಸ. ನಮ್ಮ ಕೋರಿಕೆ ಇಷ್ಟು: ಗಣ್ಯರು ನೆಡುವ ಗಿಡ ಐದು ಸಾಕು, ಅವರ ಪಕ್ಕ ಚೀಲ ಎಣಿಸುವ ಒಬ್ಬ ಹೆಣ್ಣಾಳು ನಿಲ್ಲಲಿ. ಸಂಜೆ ಇನ್ನೂರು ಖಾಲಿ ಚೀಲ ಲೆಕ್ಕಕ್ಕೆ ಸಿಗಬೇಕು.

ನೀರಿನ ವಿಷಯದಲ್ಲಿ ಇನ್ನೊಂದು. ಟ್ಯಾಂಕರಿನ ಪೈಪಿನ ಜೋರಿಗೆ ಬುಡದ ಮಣ್ಣು ಕೊಚ್ಚಿ ಬೇರು ಹೊರಬೀಳುತ್ತದೆ. ನೆಡುವಾಗಲೇ ಬುಡದಿಂದ ಒಂದು ಗೇಣು ದೂರದಲ್ಲಿ ಎರಡಡಿ ಉದ್ದದ ಪಿವಿಸಿ ಪೈಪಿನ ತುಂಡನ್ನು ಒಂದೂವರೆ ಅಡಿ ಹುಗಿದು, ಒಳಗೆ ಸಣ್ಣ ಕಲ್ಲು ತುಂಬಿಟ್ಟರೆ ನೀರು ನೇರ ಬೇರಿನ ಹತ್ತಿರ ಹೋಗುತ್ತದೆ, ಮೇಲೆ ಕಸವೂ ಬೆಳೆಯುವುದಿಲ್ಲ. ಬುಡದ ಸುತ್ತ ಒಣಹುಲ್ಲು ಹೊದಿಸುವುದು ತೇವಕ್ಕೆ ಒಳ್ಳೆಯದೇ, ರಸ್ತೆ ಬದಿಗೆ ಬೇಡ: ಫೆಬ್ರುವರಿ–ಮಾರ್ಚ್‌ನಲ್ಲಿ ಬದುವಿನ ಕಸಕ್ಕೆ ಬೆಂಕಿ ಹಚ್ಚುತ್ತಾರೆ, ಬೀಡಿಯ ತುಂಡು ಎಸೆಯುತ್ತಾರೆ. ನಮ್ಮಲ್ಲಿ ಚಪ್ಪಟೆ ಕಲ್ಲಿಗೆ ಬರವಿಲ್ಲ. ಬುಡದ ಸುತ್ತ ಕಲ್ಲು ಹಾಸಿ. ಚೇಳು ಸೇರಿಕೊಳ್ಳುತ್ತವೆ, ಕಳೆ ತೆಗೆಯುವವರು ಕೈ ಹಾಕುವ ಮೊದಲು ಕೋಲಿನಿಂದ ಮಗುಚಲಿ.

ಬೇಲಿಗೆ ಕಬ್ಬಿಣದ ಗಾರ್ಡು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಒಂದು, ಕದ್ದೊಯ್ಯುತ್ತಾರೆ. ಎರಡು, ಒಯ್ಯದಿದ್ದರೆ ನಾಲ್ಕನೇ ವರ್ಷ ತೆಗೆಯುವವರು ಯಾರೂ ಇರುವುದಿಲ್ಲ, ಕಬ್ಬಿಣ ತೊಗಟೆಯೊಳಗೆ ಹೋಗಿ ಕಾಂಡವನ್ನು ಬಿಗಿಯುತ್ತದೆ. ಬಳ್ಳಾರಿ ಜಾಲಿಯ ಮುಳ್ಳುಕಂಟಿ ಹಳ್ಳದಗುಂಟ ಬೇಕಾದಷ್ಟಿದೆ, ಕಡಿದರೆ ಹಳ್ಳಕ್ಕೂ ಉಪಕಾರ. ದಪ್ಪ ತುದಿಯನ್ನು ಒಂದಡಿ ಹುಗಿದು, ಟೊಂಗೆಗಳು ಒಂದರೊಳಗೊಂದು ಹೆಣೆಯುವಂತೆ ಬುಡದಿಂದ ಎರಡಡಿ ದೂರದಲ್ಲಿ ಸುತ್ತ ನಿಲ್ಲಿಸಬೇಕು. ಎತ್ತರ ಐದು ಅಡಿಗೆ ಕಡಿಮೆಯಾಗಬಾರದು, ಏಕೆಂದರೆ ಆಡು ಹಿಂಗಾಲ ಮೇಲೆ ನಿಲ್ಲುತ್ತದೆ. ಒಣ ಕಂಟಿ ಕಾಂಡಕ್ಕೆ ತಾಗಿದರೆ ಗೆದ್ದಲು ಅದನ್ನೇ ಏಣಿ ಮಾಡಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹೊಸ ಕಂಟಿ. ಮತ್ತು ಕುರಿಗಾರರನ್ನು ಕಳ್ಳರಂತೆ ನೋಡುವುದು ಬಿಡಿ. ಕಾಕಾ ಅವರಿಂದಲೇ ಬೀಜ ತರಿಸುತ್ತಿದ್ದರು: ಕರಿಜಾಲಿಯ ಕಾಯಿ ತಿಂದ ಆಡು ಕುರಿಗಳ ಹಟ್ಟಿಯಲ್ಲಿ ಬಿದ್ದ ಬೀಜದ ಸಿಪ್ಪೆ ಮೆತ್ತಗಾಗಿರುತ್ತದೆ, ಬಿಸಿನೀರಿಗೆ ಹಾಕುವ ಗೋಜಿಲ್ಲದೆ ಚೆನ್ನಾಗಿ ಮೊಳೆಯುತ್ತದೆ. ಬೀಜ ಕೊಟ್ಟವನು ಮೇಯಿಸಲು ಬರುವಾಗ ಒಂದು ಮಾತು ಕೇಳುತ್ತಾನೆ.

ಯಾವ ಗಿಡ? ಬೇವು 60, ಹೊಂಗೆ 50, ಹುಣಸೆ 30, ಬನ್ನಿ 20, ಎರೆಯ ತಗ್ಗು ಪ್ರದೇಶದಲ್ಲಿ ಹಳ್ಳದ ಹತ್ತಿರ ನೇರಳೆ 20, ಆಲ ಅರಳಿ ಬಸರಿ ಕೂಡಿ 10, ಮಡ್ಡಿಯ ಮೇಲೆ ಕಮರ 10. ಬೇವನ್ನೇ ಇನ್ನೂರೂ ಹಾಕೋಣ ಅನ್ನುವವರಿದ್ದಾರೆ. ಬೇವಿಗೆ ತುದಿ ಒಣಗುವ ರೋಗ ಇತ್ತೀಚೆಗೆ ಊರೂರಲ್ಲಿ ಕಾಣುತ್ತಿದೆ. ಒಂದೇ ಜಾತಿ ಹಾಕಿದರೆ ಇಡೀ ರಸ್ತೆ ಒಟ್ಟಿಗೇ ಕಂದುತ್ತದೆ. ಆಲ, ಅರಳಿಯನ್ನು ಮನೆಯ ಗೋಡೆಯಿಂದ, ನೀರಿನ ಟಾಕಿಯಿಂದ ದೂರ ಇಡಿ. ವಿದ್ಯುತ್ ತಂತಿ ಹಾಯ್ದ ಬದಿಗೆ ಹೊಂಗೆಯಂಥ ಗಿಡ್ಡ ಮರ ಇರಲಿ, ಇಲ್ಲವಾದರೆ ಪ್ರತಿ ಮೇ ತಿಂಗಳು ಲೈನ್‌ಮನ್ ಬಂದು ತಲೆ ಸವರುತ್ತಾನೆ, ಅದು ಅವನ ತಪ್ಪಲ್ಲ. ಕಮರದ ತಾಯಿಬೇರು ಬಹಳ ಬೇಗ ಇಳಿಯುವುದರಿಂದ ಅದಕ್ಕೆ ದೊಡ್ಡ ಚೀಲದ ಹಳೆಯ ಸಸಿ ತರಬೇಡಿ, ಸಣ್ಣದನ್ನೇ ನೆಡಿ. ಗುಲ್‌ಮೊಹರ್ ಬೇಗ ಬೆಳೆಯುತ್ತದೆ, ಅಷ್ಟೇ ಬೇಗ ಟೊಂಗೆ ಮುರಿಯುತ್ತದೆ. ಶಾಲೆಯ ದಾರಿಗೆ ಬೇಡ.

ಬನ್ನಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಧಾನಕ್ಕೆ ಬೆಳೆಯುವುದರಿಂದ ಯಾವ ಯೋಜನೆಯವರೂ ಅದನ್ನು ಕೇಳುವುದಿಲ್ಲ. ದಸರೆಗೆ ಮಾತ್ರ ಇಡೀ ಊರು ಅದೊಂದೇ ಮರದ ಮೇಲೆ ಬಿದ್ದು ಬೋಳು ಮಾಡುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 11ನ್ನು ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜರ್ಲಿಯಲ್ಲಿ ಮರ ಕಡಿಯುವುದನ್ನು ತಡೆದು ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟ ನೆನಪಿನ ದಿನ ಅದು. ಅವರು ಅಪ್ಪಿ ನಿಂತಿದ್ದು ಇದೇ ಬನ್ನಿಯ ಮರಗಳನ್ನು. ಕಾಕಾ ಹುತಾತ್ಮರಲ್ಲ, ಕಾಯಿಲೆಯಿಂದ ಮನೆಯಲ್ಲಿ, ತಮ್ಮವರ ನಡುವೆ ತೀರಿಕೊಂಡರು. ಆ ದಿನದ ಯಾದಿಯಲ್ಲಿ ಅವರ ಹೆಸರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಕಾಡು ಉಳಿದಿರುವುದು ಅಂಥ ಸಾವಿನಿಂದ ಎಷ್ಟೋ, ದಿನಾ ಬೆಳಿಗ್ಗೆ ಪಂಪು ಚಾಲೂ ಮಾಡಿದವರಿಂದಲೂ ಅಷ್ಟೇ. ಇಪ್ಪತ್ತು ಬನ್ನಿ ಅವರ ಪಾಲಿಗೆ ಇರಲಿ.

ಉಳಿದ ಎಂಟುನೂರು ಸಸಿಯನ್ನು ಗುಡ್ಡದ ಮೇಲೆ, ಹುಲ್ಲುಗಾವಲಿನಲ್ಲಿ ನೆಟ್ಟುಬಿಡೋಣ ಎಂಬ ಮಾತೂ ಕೇಳಿಬಂದಿದೆ. ದಯವಿಟ್ಟು ಬೇಡ. ಯಡಹಳ್ಳಿಯ ಸುತ್ತಲಿನ ಸುಮಾರು 96 ಚದರ ಕಿಲೋಮೀಟರನ್ನು 2016ರಲ್ಲಿ ಚಿಂಕಾರ ಎಂಬ ಹುಲ್ಲೆಗಾಗಿಯೇ ವನ್ಯಜೀವಿ ಧಾಮ ಮಾಡಿದ್ದಾರೆ. ಚಿಂಕಾರ ಬಯಲಿನ ಪ್ರಾಣಿ. ದೂರದಿಂದ ಕಂಡು, ಓಡಿ ಬದುಕುತ್ತದೆ. ಅದರ ಸುತ್ತಲಿನ ಕುರುಚಲು ಮತ್ತು ಹುಲ್ಲು ಖಾಲಿ ಜಾಗವಲ್ಲ, ಅದೇ ಅದರ ಕಾಡು. ಅಲ್ಲಿ ಬೇಕಾಗಿರುವುದು ಸಸಿಯಲ್ಲ, ಬೆಂಕಿ ಹರಡದಂತೆ ಜನವರಿಗೆ ಮೊದಲೇ ಹುಲ್ಲು ಸವರಿದ ಬೆಂಕಿ ರೇಖೆ. ಹೊಸ ಹುಲ್ಲು ಚಿಗುರಲಿ ಎಂದು ಕಡ್ಡಿ ಗೀರುವವರ ಜೊತೆ ಮಾತಾಡುವ ಕಾವಲುಗಾರ ಬೇಕು, ಅವನ ಕಾಲಿಗೆ ಬೂಟು ಬೇಕು. ಹೆಚ್ಚುವರಿ ಸಸಿಗಳನ್ನು ರೈತರಿಗೆ ಕೊಡಿ. ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ ಮೂರು ವರ್ಷ ದುಡ್ಡು ಕೊಡುತ್ತಾರೆ. ಪಂಚಾಯಿತಿಯ ಲೆಕ್ಕವೂ ಹಾಗೇ ಇರಬೇಕು.

ಇನ್ನು ಸನ್ಮಾನದ ಮಾತು. ಕಾಕಾ ಮನೆಯ ಮನುಷ್ಯ. ನರ್ಸರಿಯ ಕೆಲಸ ಮನೆಯನ್ನು ತಿನ್ನುವ ಕೆಲಸ, ಅವರು ತಿನ್ನಗೊಡಲಿಲ್ಲ. ಮಾರ್ಚ್‌ನಿಂದ ಮೇವರೆಗೆ ದಿನಕ್ಕೆ ಎರಡು ಹೊತ್ತು ನೀರು. ಒಂದು ಹೊತ್ತು ತಪ್ಪಿದರೆ ಎಳೆಯ ಸಸಿಮಡಿ ಸುಟ್ಟುಹೋಗುತ್ತದೆ. ಊರಿನವರೆಲ್ಲ ಮದುವೆ ಮಾಡುವುದು ಅದೇ ಬೇಸಿಗೆಯಲ್ಲಿ. ಹಾಗಾಗಿ ಅವರ ಇಬ್ಬರು ಹೆಣ್ಣುಮಕ್ಕಳ ಮದುವೆಯೂ ತುಳಸಿ ಲಗ್ನ ಕಳೆದ ಮೇಲೇ ಆಯಿತು, ಬೀಗರನ್ನು ಒಪ್ಪಿಸಿ. ಪಂಪಿನ ತ್ರೀಫೇಸ್ ಕರೆಂಟು ರಾತ್ರಿಪಾಳಿಗೆ ಬಂದ ವಾರ ಬುತ್ತಿ ಕಟ್ಟಿಕೊಂಡು ನರ್ಸರಿಯಲ್ಲೇ ಮಲಗುವರು, ಬೆಳಗಾಗುವ ಮೊದಲು ಮನೆಗೆ ಬಂದು ಹಾಸಿಗೆ ಹಿಡಿದ ತಾಯಿಯ ಮೈ ಒರೆಸಿ, ಗಂಜಿ ಕುಡಿಸಿ, ಮತ್ತೆ ಹಾಜರಿಗೆ. ಪಗಾರ ಮೂರು ನಾಲ್ಕು ತಿಂಗಳು ನಿಂತಾಗ ಕಿರಾಣಿ ಅಂಗಡಿಯ ಖಾತೆ ಅವರ ಹೆಸರಿನಲ್ಲಿ ಇರುತ್ತಿತ್ತು. ಅವರ ಹೆಂಡತಿ ಕಾಕೂ ನರ್ಸರಿ ಚೀಲ ತುಂಬಿ ಗಳಿಸಿದ ಕೂಲಿಯನ್ನು ಅದಕ್ಕೆ ಮುಟ್ಟುತ್ತಿರಲಿಲ್ಲ, ಅದು ಮಕ್ಕಳ ಶಾಲೆಗೆ. ಈಗ ಅದೇ ಕಾಕೂ, ಕಾಕಾ ದುಡಿಮೆಗೆ ಬರಬೇಕಾದ ದುಡ್ಡಿಗಾಗಿ ಒಂದು ಫೈಲು ಹಿಡಿದು ತಾಲ್ಲೂಕಿಗೆ ಓಡಾಡುತ್ತಿದ್ದಾರೆ. ಶಾಲು, ಹಣ್ಣಿನ ಬುಟ್ಟಿಯ ಬದಲು ಆ ಫೈಲಿಗೆ ಪಂಚಾಯಿತಿ ಒಬ್ಬ ಮನುಷ್ಯನನ್ನು ಕೊಡಲಿ.

ತೊಡಕು ಇರುವುದು ಹೆಸರಿನಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರು ಮತ್ತು ತಂದೆಯ ಹೆಸರು, ಆಧಾರಿನಲ್ಲಿ ಹೆಸರು ಮತ್ತು ಅಡ್ಡಹೆಸರು, ಬ್ಯಾಂಕಿನಲ್ಲಿ ಬರೀ ಮೊದಲ ಅಕ್ಷರ. ನಮ್ಮ ಕಡೆ ಇದು ಅರ್ಧ ಮಂದಿಯ ಪಾಡು. ಮೂರೂ ಒಬ್ಬನೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಬೇಕು. ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ, ವಂಶಾವಳಿ, ಕೆಲಸ ಮಾಡಿದ ವರ್ಷಗಳ ಹಾಜರಿಯ ದೃಢೀಕೃತ ನಕಲು, ಬ್ಯಾಂಕಿನ ಪಾಸ್‌ಬುಕ್, ನಾಮಿನಿಯ ಕಾಗದ ಒಂದೇ ಕಡೆ ಜೋಡಿಸಬೇಕು. ಹಳೆಯ ಹಾಜರಿ ಪುಸ್ತಕವನ್ನು ಗೆದ್ದಲು ತಿಂದಿದ್ದರೆ ಅಂದಿನ ಕೂಲಿ ವೋಚರುಗಳಲ್ಲಿ ಹೆಬ್ಬೆಟ್ಟು, ಸಹಿ ಸಿಗುತ್ತವೆ. ವಲಯ ಕಚೇರಿಯಲ್ಲಿ ಹುಡುಕಿಸಲು ವಲಯ ಅರಣ್ಯಾಧಿಕಾರಿಗಳು ಒಂದು ಮಾತು ಹೇಳಿದರೆ ಆಗುವ ಕೆಲಸ. ರಾಜ್ಯದಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗೆ 2012ರ ಅಧಿನಿಯಮವಿದೆ. ಅದರಡಿ ಯಾರ ಹೆಸರು ಬಂದಿದೆ, ಯಾರದು ಬಿಟ್ಟುಹೋಗಿದೆ ಎಂಬುದನ್ನು ಈಗ ಕೆಲಸದಲ್ಲಿರುವ ಕಾವಲುಗಾರರೂ ಇಂದೇ ನೋಡಿಕೊಳ್ಳಲಿ. ನಾಮಿನಿಯಾಗಿ ಎಂದೋ ಸತ್ತ ತಂದೆಯ ಹೆಸರೇ ಇರುವವರು ಇನ್ನೂ ಇದ್ದಾರೆ.

ಕಲ್ಲಿನ ದುಡ್ಡನ್ನು ಟ್ಯಾಂಕರಿಗೆ ತಿರುಗಿಸಿ ಎಂದು ಕೇಳುತ್ತೇವೆ. ಕಲ್ಲು ಬೇಕೇ ಬೇಕು ಅಂದರೆ ಮೂರನೇ ವರ್ಷ ನಿಲ್ಲಿಸಿ. ಅಲ್ಲಿಯವರೆಗೆ ಒಂದು ದಪ್ಪ ರಿಜಿಸ್ಟರು ಸಾಕು: ಗಿಡದ ನಂಬರು, ಜಾತಿ, ನೆಟ್ಟ ತಾರೀಖು, ನೀರು ಹಾಕಿದ ತಾರೀಖು, ಬೇಲಿ ಸರಿಪಡಿಸಿದ್ದು, ಸತ್ತರೆ ಯಾಕೆ ಸತ್ತಿತು. ಕೊನೆಯ ಕಲಮು ಮುಖ್ಯ. 'ಒಣಗಿದೆ' ಎಂದು ಬರೆದು ಮುಗಿಸಬಾರದು. ಕಿತ್ತು ಬೇರು ನೋಡಿ ಬರೆಯಬೇಕು, ಗೆದ್ದಲೋ, ಕೊಳೆಯೋ, ಚೀಲವೋ, ಆಡೋ. ಎಣಿಕೆ ಸೆಪ್ಟೆಂಬರಿನಲ್ಲಿ ಮಾಡಬೇಡಿ, ಆಗ ಎಲ್ಲವೂ ಹಸಿರು. ಮೇ 20ರ ಸುಮಾರಿಗೆ ಶಾಲೆಯ ಮಾಸ್ತರರು, ಒಬ್ಬ ಸದಸ್ಯರು, ಕಾಕೂ ಕಡೆಯ ಒಬ್ಬರು ಕೂಡಿ ನಡೆದು ಎಣಿಸಲಿ, ಸಂಖ್ಯೆಯನ್ನು ಪಂಚಾಯಿತಿ ಗೋಡೆಗೆ ಬರೆಯಲಿ. ಸತ್ತ ಗಿಡದ ಬದಲಿಗೆ ಅದೇ ಮಳೆಗಾಲದಲ್ಲಿ ಹೊಸದು. ಅದಕ್ಕಾಗಿ ನರ್ಸರಿಯಲ್ಲಿ ಮೂವತ್ತು ನಲವತ್ತು ಸಸಿ ಈಗಲೇ ತೆಗೆದಿರಿಸಿ ಅಂತ ಹೇಳಬೇಕು, ಬೇವಿನ ಬೀಜವಂತೂ ಹಣ್ಣು ಉದುರಿದ ಎರಡು ಮೂರು ವಾರದೊಳಗೆ ಬಿತ್ತದಿದ್ದರೆ ಮೊಳಕೆಯ ಶಕ್ತಿ ಬೇಗ ಇಳಿಯುತ್ತದೆ.

ಬರುವ ಗ್ರಾಮಸಭೆಯಲ್ಲಿ ಮೂರು ವಿಷಯ ಠರಾವಾಗಲಿ ಎಂದು ಕೋರುತ್ತೇವೆ. ಸಾವಿರದ ಜಾಗದಲ್ಲಿ ಇನ್ನೂರು. ತಗ್ಗು ತೋಡುವ ಕೆಲಸ ಏಪ್ರಿಲ್ ಹದಿನೈದರೊಳಗೆ ಆರಂಭ. ಹತ್ತು ದಿನಕ್ಕೊಂದು ಟ್ಯಾಂಕರಿಗೆ ಯಾರ ಟ್ರ್ಯಾಕ್ಟರು, ಯಾವ ಬೋರ್‌ವೆಲ್, ಪೈಪ್ ಹಿಡಿಯುವವರು ಯಾರು ಎಂಬುದು ಹೆಸರುಸಮೇತ. ತಗ್ಗಿನ ಗುರುತು ಹಾಕಲು, ಮಣ್ಣು ಬೆರೆಸಲು, ಸಸಿ ಆರಿಸಲು ನಮ್ಮಲ್ಲಿ ಏಳೆಂಟು ಮಂದಿ ಬರುತ್ತೇವೆ. ಸುಣ್ಣದ ಪುಡಿ ಒಂದು ಚೀಲ, ಹತ್ತು ಮೀಟರಿನ ಹಗ್ಗ ಒಂದು ಪಂಚಾಯಿತಿಯಿಂದ ಇರಲಿ.

ಇಂತಿ ತಮ್ಮ ವಿಶ್ವಾಸಿಗಳು,
ನರ್ಸರಿ ಮತ್ತು ನೆಡುತೋಪುಗಳಲ್ಲಿ ಅವರ ಜೊತೆ ದುಡಿದವರು
ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ